ಕುಂಕುಮದ ನೀರು

ನಾನು ದೆವ್ವಗಿವ್ವ ನಂಬುವವನಲ್ಲ. ಗಜೇಂದ್ರಗಡದಲ್ಲಿ ಹನ್ನೆರಡು ವರ್ಷದಿಂದ ಬೈಕ್ ರಿಪೇರಿ ಮಾಡುತ್ತಿದ್ದೇನೆ. ಆಯುಧ, ಸಾಮಾನುಗಳಿಗೆ ಪೂಜೆ ಮಾಡುವ ಖಂಡೇ ಪೂಜೆಯ ಮಧ್ಯಾಹ್ನ ಸವಡಿಯ ದುರಗೇಶ ತನ್ನ ಬೈಕಿನ ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಬಿಚ್ಚಿ ತಂದ. ಅದರ ಬಾಯಿ ಅಗಲ ಮಾಡಿಸಿದ್ದ. ಈಗ ಎಷ್ಟು ಗಾಳಿ ಹೋಗುತ್ತದೆಂದು ಅಳೆಯಬೇಕಿತ್ತು.

"ಪೂಜಿ ಆದ ಸಾಮಾನ ಇವತ್ತ ಮುಟ್ಟಬ್ಯಾಡ್ರಿ," ಅಂದಳು ಹೆಂಡತಿ ಮಹೇಶ್ವರಿ.

"ನಾಳೆ ರೇಸ್ ಐತ್ರಿ ಅಕ್ಕಾರ, ಇದೊಂದ ಸಲ," ಎಂದು ದುರಗೇಶ ಗೋಗರೆದ.

ಮುಟ್ಟಿದೆ. ಗಾಳಿ ಅಳೆಯುವ ನನ್ನ ಫ್ಲೋಬೆಂಚ್ ಅಂದರೆ ಒಂದು ಹಲಗೆಪೆಟ್ಟಿಗೆ, ಗಾಳಿ ಎಳೆಯುವ ಮೋಟರ್, ಪಕ್ಕದಲ್ಲಿ ಯು ಆಕಾರಕ್ಕೆ ಬಾಗಿಸಿ ಒಂದು ಬಾಯಿಯನ್ನು ಪೆಟ್ಟಿಗೆಗೆ ಸೇರಿಸಿದ ಗಾಜಿನ ಕೊಳವೆ. ಕೊಳವೆಯಲ್ಲಿ ಕುಂಕುಮ ಕಲಸಿದ ನೀರು. ಮೋಟರ್ ಎಳೆದಾಗ ನೀರು ಒಂದು ಕಡೆ ಏರುತ್ತದೆ, ನಿಂತರೆ ಸಮಕ್ಕೆ ಬರುತ್ತದೆ.

ಥ್ರಾಟಲ್ ಬಾಡಿಯನ್ನು ಪೆಟ್ಟಿಗೆಯ ಮೇಲೆ ಕೂರಿಸಿ ಮೋಟರ್ ಹಾಕಿದೆ; ನೀರು ನಾಲ್ಕು ಬೆರಳು ಏರಿತು. ಮೋಟರ್ ಆಫ್ ಮಾಡಿದೆ. ನೀರು ಇಳಿಯಲಿಲ್ಲ.

"ಪ್ಲಗ್ಗೂ ತಗದೀನ್ರಿ," ಎಂದು ಮಹೇಶ್ವರಿ ವಯರ್ ಎತ್ತಿ ತೋರಿಸಿದಳು.

ಥ್ರಾಟಲ್ ಬಾಯಿಗೆ ಅಂಗೈ ಇಟ್ಟೆ. ಎಳೆದು ಹಿಡಿಯಿತು. ಕಿತ್ತುಕೊಂಡಾಗ ಅಂಗೈ ಬೆಚ್ಚಗೆ ಒದ್ದೆಯಾಗಿತ್ತು.

ಸಂಜೆಯೊಳಗೆ ಪೆಟ್ಟಿಗೆ ಒಡೆದು ಸುಟ್ಟೆ. ಅವತ್ತೇ ಎಲ್ಲ ಬಿಟ್ಟು ಹೋದ ದುರಗೇಶ, ರೇಸ್ ಮುಗಿದರೂ ತನ್ನ ಸಾಮಾನು ಒಯ್ಯಲು ಇನ್ನೂ ಬಂದಿಲ್ಲ. ಕೊಳವೆ ಮಾತ್ರ ಗೋಡೆಯ ಮೊಳೆಗೆ ನೇತಾಡುತ್ತಿದೆ, ಎರಡೂ ಬಾಯಿ ತೆರೆದೇ ಇವೆ. ಸುಳ್ಳೆನಿಸಿದರೆ ಅಂಗಡಿಗೆ ಬಂದು ನೋಡಿ: ಇವತ್ತು ಬೆಳಿಗ್ಗೆಯೂ ನೀರು ಒಂದು ಕಡೆ ನಾಲ್ಕು ಬೆರಳು ಮೇಲೆಯೇ ನಿಂತಿತ್ತು.