ನಲವತ್ತೊಂದು ಮಂದಿಯ ಕೀಲಿ

೨೦೨೫ರ ಜೂನ್ ೧೦, ಮಂಗಳವಾರ. ಬೆಳಿಗ್ಗೆ ೧೧.೨೦ಕ್ಕೆ ಸುಂದ್ರವ್ವ ಮುಂಬಯಿಯ ಸಯನ್ ಭಾಗದ ಠಾಣೆಗೆ ಬಂದರು. ವಿಜಯಪುರದ ಕಡೆಯವರು, ಕಸೂತಿ ಹಾಕುವವರು. ಹಿಂದೆ ಅವರದೇ ಚಾಳಿನ ಆರು ಹೆಂಗಸರಿದ್ದರು. ಇನ್‌ಸ್ಪೆಕ್ಟರ್ ನಾಗರತ್ನಾ ಬಿರಾದಾರ ಅಕ್ಕಲಕೋಟೆಯವರು, ಕನ್ನಡದಲ್ಲೇ ಕೇಳಿದರು.

"ಏನಾಗೇತಿ?"

"ಮೊಬೈಲ್‌ನಾಗಿನ ರೊಕ್ಕ ಬರವಲ್ದ್ರಿ ಮೇಡಂ. ನಲವತ್ತೊಂದು ಮಂದೀದು."

"ಯಾವ ಬ್ಯಾಂಕು?"

"ಬ್ಯಾಂಕಲ್ರಿ. ಬಿಟ್‌ಕಾಯಿನ್."

ಬರೆಯುತ್ತಿದ್ದ ಹವಾಲ್ದಾರ ಪೆನ್ನು ನಿಲ್ಲಿಸಿದ. ಸುಂದ್ರವ್ವ ತಡವರಿಸಲಿಲ್ಲ. ವಿದೇಶದ ಗಿರಾಕಿಗಳು ಒಂದೊಂದೇ ಕುಪ್ಪಸ ಕೊಳ್ಳುತ್ತಿದ್ದರು; ಅಷ್ಟು ಸಣ್ಣ ಮೊತ್ತ ಬ್ಯಾಂಕಿನ ಮೂಲಕ ಬಂದರೆ ಅರ್ಧ ಶುಲ್ಕಕ್ಕೇ ಹೋಗುತ್ತಿತ್ತು. ಭಾಂಡುಪ್‌ನಲ್ಲಿ ಆ್ಯಪ್ ನಡೆಸುವ ಅನಿಕೇತ್ ಈ ದಾರಿ ತೋರಿಸಿದ್ದ. ಬೈಕುಲ್ಲಾದಲ್ಲಿ ಹೊಲಿಗೆಗೊಂದು ಗಾಳಾ, ಅಂದರೆ ಬಾಡಿಗೆ ಮಳಿಗೆ, ಹಿಡಿಯಲು ಎಲ್ಲರೂ ಸೇರಿ ಒಂಬತ್ತು ಲಕ್ಷ ಅರವತ್ತು ಸಾವಿರ ಕೂಡಿಸಿದ್ದರು. ಡಿಪಾಜಿಟ್ ಕೊಡಲು ಜೂನ್ ೨೦ ಕೊನೆಯ ದಿನ. ನಿನ್ನೆಯಿಂದ ಆ್ಯಪ್‌ನಲ್ಲಿ ಒಂದೇ ಸಾಲು: "ಹ್ಯಾಕ್ ಆಗಿದೆ."

"ಅನಿಕೇತ್‌ನ ಹೆಂಗ ನಂಬಿದ್ರಿ?"

"ಬಸಲಿಂಗವ್ವನ ಮಗಾರಿ. ನಮ್ಮ ಜೋಡಿನ ಕಸೂತಿ ಹಾಕ್ತಾಳ. ಮನಿ ಮನಿಗೆ ಬಂದು, 'ನನ್ನ ಮಗ ಅದಾನ, ಹೆದರಬ್ಯಾಡ್ರಿ' ಅಂದಿದ್ಲು."

ಮಧ್ಯಾಹ್ನ ೧.೧೫ಕ್ಕೆ ಎಫ್‌ಐಆರ್ ದಾಖಲಾಯಿತು: ನಂಬಿಕೆದ್ರೋಹ ಮತ್ತು ವಂಚನೆ.

ಮರುದಿನ ಹತ್ತು ಗಂಟೆಗೆ ನಾಗರತ್ನಾ ಮತ್ತು ಕಾನ್‌ಸ್ಟೇಬಲ್ ಸ್ನೇಹಲ್ ಭಾಂಡುಪ್‌ನ ಕಚೇರಿಗೆ ಹೋದರು. ಒಂದು ಕೋಣೆ, ಎರಡು ಕಂಪ್ಯೂಟರ್. ಅನಿಕೇತ್‌ಗೆ ಇಪ್ಪತ್ತೊಂಬತ್ತು ವರ್ಷ. ಕ್ಷೌರ ಮಾಡಿಸಿ ಎಷ್ಟೋ ದಿನವಾದಂತಿತ್ತು.

"ಆ ರೊಕ್ಕ ತೆಗಿಯೋ ಕೀಲಿ ಯಾರ ಹತ್ರ ಇದ್ದವು?"

"ಪೆಹಲೆ, ಶುರುವಿನಾಗ, ಎಲ್ಲಾರ ಹತ್ರ ಇತ್ತು, ಮೇಡಂ. ಅವರವರ ಚಾನೆಲ್, ಅವರವರ ಕೀ."

"ಚಾನೆಲ್ ಅಂದ್ರ?"

"ಎರಡು ಬೀಗದ ಪೆಟ್ಟಿಗೆ ಥರ. ಒಂದು ಕೀ ಅವರದು, ಒಂದು ನಂದು. ಒಳಗ ಎಷ್ಟು ಸಲ ಬೇಕಾದ್ರೂ ಲೇನ್‌-ದೇನ್, ಕೊಡೋದು-ತಗೊಳ್ಳೋದು, ಮಾಡಬಹುದು. ಇಡೋವಾಗ, ತೆಗೆಯೋವಾಗ ಮಾತ್ರ ಬಿಟ್‌ಕಾಯಿನ್‌ನ ದೊಡ್ಡ ದಾಖಲೆಯಲ್ಲಿ ಬರೆಸಬೇಕು, ಅದಕ್ಕೆ ಫೀಸು."

"ಈಗ?"

ಅನಿಕೇತ್ ನೆಲ ನೋಡುತ್ತ ಹೇಳಿದ. ಒಬ್ಬೊಬ್ಬರಿಗೂ ಪೆಟ್ಟಿಗೆ ತೆರೆಯುವ ಫೀಸು ಹೆಚ್ಚಾಗಿತ್ತು. ಹೆಂಗಸರು ಫೋನ್ ಬದಲಿಸುತ್ತಿದ್ದರು, ಕೀಲಿಯಾಗಿ ಬಳಸುವ ಗುಪ್ತ ಪದಗಳನ್ನು ಬರೆದಿಟ್ಟ ಚೀಟಿ ಕಳೆಯುತ್ತಿದ್ದರು. ಜನವರಿಯ ಅಪ್‌ಡೇಟ್‌ನಲ್ಲಿ ಒಂದು 'ಒಪ್ಪಿಗೆ' ಒತ್ತಿಸಿ ನಲವತ್ತೊಂದು ಚಾನೆಲ್‌ಗಳನ್ನೂ ಮುಚ್ಚಿದ್ದ. ಹಣವೆಲ್ಲ ಅವನದೇ ಕೀಲಿಯಡಿ ಬಂದಿತ್ತು. ಒತ್ತಿದ್ದು ಏನೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

"ಹ್ಯಾಕ್ ಯಾವಾಗ ಆತು?"

"ಜೂನ್ ಎಂಟು."

ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಕಂಪ್ಯೂಟರ್‌ಗಳೂ ಒಂದು ಬ್ಯಾಕಪ್ ಡಿಸ್ಕೂ ಮೊಹರಾದವು.

ಬಿಟ್‌ಕಾಯಿನ್‌ನ ದಾಖಲೆ ಯಾರು ಬೇಕಾದರೂ ನೋಡಬಹುದಾದದ್ದು. ಸ್ನೇಹಲ್ ಎರಡು ದಿನ ಅದರ ಮುಂದೆ ಕೂತಳು. ಜೂನ್ ೧೩ರ ಬೆಳಿಗ್ಗೆ ನಾಗರತ್ನಾ ಅವರ ಮೇಜಿನ ಮೇಲೆ ಒಂದು ಹಾಳೆ ಇಟ್ಟಳು.

"ಮೇಡಂ, ಹಣ ಹೋದದ್ದು ಜೂನ್ ಎಂಟಕ್ಕಲ್ಲ. ಮೇ ಹತ್ತೊಂಬತ್ತಕ್ಕೆ. ಹ್ಯಾಕೂ ಅಲ್ಲ, ದಂಡ."

"ಯಾರು ಹಾಕಿದ ದಂಡ?"

"ನಿಯಮವೇ. ವಿದೇಶದ ಪಾವತಿ ಬರಲೆಂದು ಇವನು ಹೊರಗಿನವನೊಬ್ಬನ ಜೊತೆ ದೊಡ್ಡ ಚಾನೆಲ್ ತೆರೆದು, ಹೆಂಗಸರ ಆರು ಲಕ್ಷ ಅದರಲ್ಲಿಟ್ಟಿದ್ದ. ಚಾನೆಲ್ ಮುಚ್ಚುವಾಗ ಹಳೆಯ ಲೆಕ್ಕ ತೋರಿಸಿದರೆ ಅದನ್ನು ಮೋಸ ಅಂತ ಎಣಿಸಿ, ಒಳಗಿದ್ದುದೆಲ್ಲ ಎದುರಿನವನಿಗೆ ಹೋಗುತ್ತದೆ. ಇವನ ಕಂಪ್ಯೂಟರ್ ಕೆಟ್ಟಿದೆ, ಹಳೆಯ ಬ್ಯಾಕಪ್ ಹಾಕಿದ್ದಾನೆ; ಅದು ಹಳೆಯ ಲೆಕ್ಕವನ್ನೇ ತೋರಿಸಿ ಚಾನೆಲ್ ಮುಚ್ಚಿದೆ. ಡಿಸ್ಕಿನಲ್ಲಿ ಸಮಯವೂ ಇದೆ: ಬೆಳಿಗ್ಗೆ ೭.೪೨. ಆರು ಲಕ್ಷ ಹೋಯಿತು."

"ಆಮೇಲಿನ ಇಪ್ಪತ್ತು ದಿನ?"

"ಆ್ಯಪ್‌ನಲ್ಲಿ ಸುಳ್ಳು ಮೊತ್ತ ತೋರಿಸಿದ್ದಾನೆ. ಹೊಸದಾಗಿ ಬಂದದ್ದನ್ನು ಹಳಬರಿಗೆ ಕೊಟ್ಟಿದ್ದಾನೆ. ಡಿಪಾಜಿಟ್‌ಗೆ ಎಲ್ಲರೂ ಒಟ್ಟಿಗೆ ಕೇಳಿದಾಗ ಹ್ಯಾಕ್ ಎಂದಿದ್ದಾನೆ."

ನಾಗರತ್ನಾ ಹಾಳೆಯನ್ನು ಮತ್ತೊಮ್ಮೆ ಓದಿದರು. "ಎದುರಿನವನು ಯಾರು?"

ಪುಣೆಯ ಸೋಮನಾಥ ಎಂಬ ತಂತ್ರಜ್ಞ. ನೋಟಿಸ್ ತಲುಪಿದ ಗಂಟೆಯೊಳಗೆ ಅವನೇ ಫೋನ್ ಮಾಡಿದ.

"ಮೇಡಂ, ನಾನು ನಿದ್ದೆಯಲ್ಲಿದ್ದಾಗ ನನ್ನ ಯಂತ್ರ ತಾನಾಗಿ ತಗೊಂಡದ್ದು. ಇದು ಮೋಸ ಅಲ್ಲ, ತಪ್ಪು ಅಂತ ನೋಡಿದ ಕೂಡಲೇ ಗೊತ್ತಾಯ್ತು. ಅವತ್ತೇ ಅವನಿಗೆ ಬರೆದೆ: ವಾಪಸ್ ಕೊಡ್ತೀನಿ, ವಿಳಾಸ ಕಳಿಸು ಅಂತ. ನಾಲ್ಕು ಸಲ ಬರೆದೆ. ಉತ್ತರ ಇಲ್ಲ."

"ರೊಕ್ಕ?"

"ಮುಟ್ಟಿಲ್ಲ. ಹಾಗೇ ಇದೆ."

ಶನಿವಾರ ಸಂಜೆ ೪.೩೦ಕ್ಕೆ ಅನಿಕೇತ್‌ನನ್ನು ಭಾಂಡುಪ್‌ನ ಮನೆಯಲ್ಲಿ ಬಂಧಿಸಿದರು. ಅವನು ವಾದ ಮಾಡಲಿಲ್ಲ. ಉಳಿದ ಹಣದ ಕೀಲಿಯನ್ನು ತಾನೇ ಬರೆದುಕೊಟ್ಟ. ಠಾಣೆಯಲ್ಲಿ ನಾಗರತ್ನಾ ಸೋಮನಾಥನ ನಾಲ್ಕು ಸಂದೇಶಗಳನ್ನು ಅವನ ಮುಂದಿಟ್ಟರು. ಒಂದನ್ನೂ ತೆರೆದಿರಲಿಲ್ಲ.

"ಯಾಕ ಓದಲಿಲ್ಲ?"

"ಬೈದು ಬರೆದಿರ್ತಾನ ಅನ್ಕೊಂಡೆ."

ಅವನು ಮೊದಲನೆಯದನ್ನು ಓದಿದ. ಮತ್ತೆ ಓದಿದ. ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಅವ್ವಗ ಹೇಳಬೇಕು ಅಂತ ದಿನಾ ಕೂಡ್ತಿದ್ದೆ, ಮೇಡಂ. ಅವಳು ಎಲ್ಲಾರ ಮುಂದೆ ನನ್ನ ಹೆಸರು ಹೇಳಿದ್ಲು. ನನ್ನಿಂದ ಗಲ್ತಿ ಆಯ್ತು ಅನ್ನೋ ಮಾತು ಬಾಯಿಗೆ ಬರಲೇ ಇಲ್ಲ. ಹ್ಯಾಕ್ ಅಂದ್ರ ಯಾರದೂ ತಪ್ಪಿಲ್ಲ ಅಲ್ವಾ?"

ನ್ಯಾಯಾಲಯದ ಅನುಮತಿ ಪಡೆದು ಪುಣೆಯ ಆರು ಲಕ್ಷವನ್ನೂ ಉಳಿದದ್ದನ್ನೂ ಹೆಂಗಸರಿಗೆ ಕೊಡಿಸಲು ಜೂನ್ ೧೯ ಆಯಿತು. ಮರುದಿನ ಸುಂದ್ರವ್ವ ಬೈಕುಲ್ಲಾದ ಗಾಳಾದ ಕರಾರಿಗೆ ಸಹಿ ಹಾಕಿದರು. ಬಸಲಿಂಗವ್ವ ಹೊರಗೇ ನಿಂತಿದ್ದಳು. ಸುಂದ್ರವ್ವ ಹೋಗಿ ಕೈ ಹಿಡಿದು ಒಳಗೆ ಕರೆದುಕೊಂಡು ಬಂದರು.

ಕೇಸ್ ಡೈರಿಯ ಕೊನೆಯ ಪುಟದಲ್ಲಿ ನಾಗರತ್ನಾ ಬರೆದರು: "ಆರೋಪಿ ಸ್ವಂತಕ್ಕೆ ಒಂದು ರೂಪಾಯಿಯನ್ನೂ ತೆಗೆದುಕೊಂಡಿಲ್ಲ. ಮೇ ೧೯ರಂದು ನಿಜ ಹೇಳಿದ್ದರೆ ಅಪರಾಧವೇ ನಡೆಯುತ್ತಿರಲಿಲ್ಲ."