ನಾಳೆ ಕೊಡ್ತೀನಿ ಅಂದ ಕೀ

ಒಂದು ಊರಿನಲ್ಲಿ ಒಬ್ಬ ದೈತ್ಯನಿದ್ದನಂತೆ. ನಿದ್ದೆ ಹೋದಾಗಲೆಲ್ಲ ಅವನಿಗೆ ತಾನು ಯಾರೆಂಬುದೇ ಮರೆತುಹೋಗುತ್ತಿತ್ತಂತೆ. ಎದ್ದ ಕೂಡಲೇ ಯಾರಾದರೂ ಕಿವಿಯಲ್ಲಿ ಅವನ ಹೆಸರು ಹೇಳಬೇಕು. ಹೇಳಿದರೆ ಊರಿಗೆಲ್ಲ ನೀರು ಹೊತ್ತು ತರುವ ಸಾಧು. ಹೇಳದಿದ್ದರೆ ಎದುರು ಸಿಕ್ಕಿದ್ದನ್ನೆಲ್ಲ ಜಜ್ಜಿ ಹಾಕುವ ಮೃಗ. ಹೆಸರು ಹೇಳುವ ಕೆಲಸ ಒಬ್ಬ ಹುಡುಗಿಯದು. ಒಂದು ದಿನ ಅವಳು ಕನಸು ಕಾಣುತ್ತ ಕೂತು, ಆ ಕೆಲಸವನ್ನೇ ಮರೆತಳಂತೆ.

ಆಮೇಲೇನಾಯ್ತು ಅಜ್ಜಿ ಎಂದು ಕೇಳುವಷ್ಟರಲ್ಲಿ ನನಗೆ ನಿದ್ದೆ ಹತ್ತಿರುತ್ತಿತ್ತು. ಆಮೇಲೇನಾಯ್ತು ಎನ್ನುವುದು ಗೊತ್ತಾದದ್ದು ನನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಒಂದು ಮಧ್ಯಾಹ್ನ, ಆಸ್ಪತ್ರೆಯ ನೆಲಮಹಡಿಯಲ್ಲಿ.

ನಾನು ಆ ಆಸ್ಪತ್ರೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವಳು. ನನ್ನ ಪಾಲಿನ ದೈತ್ಯ ಎಕ್ಸ್‌ರೇ ಕೋಣೆಯ ಹಿಂದೆ, ಎಸಿಯ ತಣ್ಣನೆಯ ಗಾಳಿಯಲ್ಲಿ ಹಸಿರು ಕಣ್ಣು ಮಿಟುಕಿಸುತ್ತ ನಿಂತಿರುತ್ತಿತ್ತು. ಯಾವ ರೋಗಿಗೆ ಯಾವ ಔಷಧಿ, ಎಷ್ಟು, ಎಷ್ಟು ಹೊತ್ತಿಗೆ ಎನ್ನುವುದೆಲ್ಲ ಆ ಸರ್ವರ್‌ನ ಹೊಟ್ಟೆಯಲ್ಲಿತ್ತು.

ಅದನ್ನು ರಿಪೇರಿ ಮಾಡಲು ಬರುತ್ತಿದ್ದವನನ್ನು ಎಲ್ಲರೂ ಇಕ್ಕಳ ಎನ್ನುತ್ತಿದ್ದರು. ಅವನ ಪ್ಯಾಂಟಿನ ಹಿಂದಿನ ಜೇಬಿನಿಂದ ಸದಾ ಒಂದು ಇಕ್ಕಳ ಇಣುಕುತ್ತಿತ್ತು, ಅದಕ್ಕೆ. ಮೊದಲ ಸಲ ಬಂದಾಗ ಅವನು ಸರ್ವರ್‌ನ ಡಿಸ್ಕುಗಳನ್ನು ಹೊಂದಿಸುವ ಬೂಟ್ ಕೀ ಕೇಳಿದ್ದ. ಹೆಬ್ಬೆರಳಿನಷ್ಟು ಯುಎಸ್‌ಬಿ ಅದು. ಸರ್ವರ್ ಕಣ್ಣು ಬಿಡುವಾಗ ಅದರಿಂದಲೇ ಮೊದಲ ಮಾತು ಕೇಳಿಸಿಕೊಳ್ಳಬೇಕು. ನಾನು ಜಂಬದಿಂದ ಕೊಟ್ಟೆ. ಚುಚ್ಚಿ ನೋಡಿದರೆ ಪರದೆ ಕಪ್ಪಗೆ ಕೂತಿತು. ಫೋಟೋ ಹಾಕಿದ ಹಾಗೆ ಬೂಟ್ ಫೈಲನ್ನು ಅದರೊಳಕ್ಕೆ ಸುಮ್ಮನೆ ಕಾಪಿ ಮಾಡಿಟ್ಟಿದ್ದೆ ನಾನು.

ಅವನು ನಗಲಿಲ್ಲ. ಎಡಗಣ್ಣಿನ ತುದಿಯಲ್ಲಿ ಮಾತ್ರ ಎರಡು ಗೆರೆ ಮೂಡಿದವು.

“ಮೇಡಂ, ನೀವು ಅಡುಗೆ ಪುಸ್ತಕಾನೇ ಪಾತ್ರೆಗೆ ಹಾಕಿ ಒಲೆ ಮೇಲೆ ಇಟ್ಟಿದ್ದೀರ,” ಎಂದ.

ಫೈಲನ್ನು ಕಾಪಿ ಮಾಡುವುದಲ್ಲ, ಬಿಚ್ಚಿ ಬರೆಯಬೇಕು ಎಂದು ಹೇಳಿಕೊಟ್ಟ. ಮುಂದಿನ ಸಲ ಬರುವಷ್ಟರಲ್ಲಿ ಸರಿಯಾದ ಕೀ ಮಾಡಿಟ್ಟಿರುತ್ತೇನೆ ಎಂದು ಮಾತು ಕೊಟ್ಟೆ.

ಹತ್ತು ನಿಮಿಷದ ಕೆಲಸ. ಮೂರು ತಿಂಗಳಾದರೂ ಮಾಡಲಿಲ್ಲ. ಅವನು ಬಂದಾಗಲೆಲ್ಲ ಬಾಗಿಲಿಗೆ ಒರಗಿ ಕೀ ಆಯ್ತಾ ಎನ್ನುತ್ತಿದ್ದ, ನಾನು ನಾಳೆ ಎನ್ನುತ್ತಿದ್ದೆ. ಕಥೆ ಹೇಳ್ತಾ ಇದ್ದೀರ ಎಂದು ನನಗೆ ಕಥೆ ಮೇಡಂ ಎಂದೇ ಹೆಸರಿಟ್ಟ. ಎದುರಿನ ಗಾಜಿನಲ್ಲಿ ನನ್ನ ಮುಖ ಕೆಂಪಾಗುವುದನ್ನು ಅವನು ನೋಡುತ್ತಿದ್ದ, ಅವನು ನೋಡುವುದನ್ನು ನಾನೂ ನೋಡುತ್ತಿದ್ದೆ.

ಆ ಮಧ್ಯಾಹ್ನ ಅವನು ಫ್ಯಾನ್ ಬದಲಿಸಲು ಬಂದಿದ್ದ. ಮೇಲೆ ಆಪರೇಷನ್ ಕೋಣೆಯಲ್ಲಿ ಬೆಳಿಗ್ಗೆಯೇ ಒಬ್ಬ ಹೆಂಗಸು ತೀರಿಕೊಂಡಿದ್ದಳು. ಎರಡೂವರೆಗೆ ಅವಳ ಕಡೆಯವರು ನುಗ್ಗಿದರು, ಮೊದಲ ಗಾಜು ಒಡೆಯಿತು.

ಆಮೇಲೆ ಗಾಜಿನ ಸದ್ದು ನಿಲ್ಲಲೇ ಇಲ್ಲ. ರಿಸೆಪ್ಷನ್ ಮೇಜನ್ನು ಮಗುಚಿದರು. ಗೇಟಿನ ಗಾರ್ಡನ್ನು ಅವನದೇ ಬೆಲ್ಟಿನಿಂದ ಬಾರಿಸಿದರು. ಒಬ್ಬ ಡಾಕ್ಟರನ್ನು ಕಾಲರ್ ಹಿಡಿದು ಮೆಟ್ಟಿಲಿನಿಂದ ಎಳೆದು ತಂದರು. ಆತ ಆಪರೇಷನ್ ಮಾಡಿದವನಲ್ಲ, ಕಿವಿ ಮೂಗಿನ ಡಾಕ್ಟರ್. ಅದನ್ನು ಹೇಳಲೂ ಬಿಡದೆ, ನೆಲಕ್ಕೆ ಬಿದ್ದವನ ಮುಖವನ್ನೇ ಹುಡುಕಿ ಹುಡುಕಿ ಒದ್ದರು. ಕಾರಿಡಾರಿನಲ್ಲಿ ಒಂದು ಹಲ್ಲು ಬಿದ್ದಿತ್ತು. ಅಷ್ಟು ಬಿಳಿಯ ವಸ್ತುವನ್ನು ನಾನು ಇದುವರೆಗೂ ನೋಡಿಲ್ಲ.

ನಮ್ಮ ಮುಖಗಳಿರುವ ಕ್ಯಾಮೆರಾ ರೆಕಾರ್ಡಿಂಗ್ ಈ ಕೋಣೆಯಲ್ಲಿದೆ, ಒಡೆದುಹಾಕಿ ಎಂದು ಯಾರೋ ಕೂಗಿದರು. ಇಕ್ಕಳ ನನ್ನನ್ನು ಬ್ಯಾಟರಿ ಕಪಾಟಿನ ಹಿಂದೆ ತಳ್ಳಿ ಬಾಗಿಲು ಮುಚ್ಚಲು ಹೋದ. ಬಾಗಿಲು ಮುಚ್ಚಿತು, ಆದರೆ ಒಳಗಿನಿಂದಲ್ಲ. ಚೌಕಟ್ಟಿನಲ್ಲಿ ಅವನ ಬಲಗೈ ಬೆರಳುಗಳಿದ್ದವು. ಹೊರಗಿನವರು ಒಂದಲ್ಲ, ಮೂರು ಸಲ ಅವುಗಳ ಮೇಲೆ ಬಾಗಿಲು ಬಡಿದರು. ಮೂರನೆಯ ಸಲ ಅವನು ಕೂಗುವುದನ್ನೂ ನಿಲ್ಲಿಸಿದ.

ಒಳಗೆ ನುಗ್ಗಿದವರು ಸರ್ವರ್ ಅನ್ನು ಕಿತ್ತು ನೆಲಕ್ಕೆ ಕೆಡವಿ, ಬೆಂಕಿ ಆರಿಸುವ ಸಿಲಿಂಡರಿನಿಂದ ಗುದ್ದಿದರು. ಹಸಿರು ಕಣ್ಣುಗಳು ಒಂದೊಂದಾಗಿ ಆರಿದವು. ಹೋಗುವಾಗ ಒಬ್ಬ ಇಕ್ಕಳನ ತಲೆಗೊಂದು ಬಾರಿಸಿದ, ದಾರಿಯಲ್ಲಿ ಸಿಕ್ಕ ಕಂಬಕ್ಕೆ ಹೊಡೆದ ಹಾಗೆ.

ಮೂರು ಗಂಟೆಗೆ ಫೋನ್ ಬಡಿದುಕೊಂಡಿತು. ಐಸಿಯುನ ಹಿರಿಯ ಸಿಸ್ಟರ್. ಬಾಗಿಲಿಗೆ ಮಂಚಗಳನ್ನು ಅಡ್ಡ ಇಟ್ಟುಕೊಂಡಿದ್ದೇವೆ ಎಂದರು. ಪರದೆಗಳೆಲ್ಲ ಆರಿವೆ, ಒಳಗೆ ಹನ್ನೊಂದು ಜನ ರೋಗಿಗಳು, ಬೆಳಿಗ್ಗೆ ಬದಲಾಯಿಸಿದ ಔಷಧಿಯ ಅಳತೆಗಳು ಯಾವ ಕಾಗದದಲ್ಲೂ ಇಲ್ಲ ಎಂದರು.

“ನಾಲ್ಕು ಗಂಟೆ ಡೋಸು ಕೊಡ್ಬೇಕು ಮಗಳೇ. ಅಂದಾಜಿನ ಮೇಲೆ ಕೊಟ್ರೆ ಕೊಂದ ಹಾಗೇ.”

ಇಕ್ಕಳ ಗೋಡೆಗೆ ಒರಗಿ ಕೂತು ಎಲ್ಲ ಕೇಳಿಸಿಕೊಂಡ. ಹಣೆಯ ರಕ್ತ ಹುಬ್ಬು ದಾಟಿ ತುಟಿಗೆ ಬಂದಿತ್ತು. ಬಲಗೈಯನ್ನು ನನ್ನ ದುಪಟ್ಟಾದಲ್ಲಿ ಸುತ್ತಿದೆ. ಒಳಗೆ ಬೆರಳುಗಳು ಯಾವ ಕಡೆಗೆ ತಿರುಗಿವೆ ಎಂದು ನೋಡುವ ಧೈರ್ಯವಾಗಲಿಲ್ಲ.

ಜಜ್ಜಿದ ಸರ್ವರ್‌ನೊಳಗಿನ ನಾಲ್ಕು ಡಿಸ್ಕುಗಳಲ್ಲಿ ಮೂರು ಉಳಿದಿದ್ದವು. ಮೂರಿದ್ದರೆ ಸಾಕು, ಹೋದದ್ದರ ಪಾಲು ಇವುಗಳಲ್ಲೂ ಇರುತ್ತದೆ ಎಂದ. ಪಕ್ಕದ ಕಪಾಟಿನಲ್ಲಿ ಇನ್ನೊಂದು ಖಾಲಿ ಸರ್ವರ್ ಇತ್ತು. ಅವನು ಹೇಳಿದ ಸಾಲಿನಲ್ಲೇ ಡಿಸ್ಕುಗಳನ್ನು ಅದಕ್ಕೆ ಕೂರಿಸಿದೆ. ಆದರೆ ತನ್ನೊಳಗೆ ಕೂತವು ಯಾರ ಡಿಸ್ಕುಗಳು ಎಂದು ಆ ಹೊಸ ದೈತ್ಯನಿಗೆ ಗೊತ್ತಿಲ್ಲ. ಹೇಳಬೇಕಾದದ್ದು ಕೀ.

ಅವನು ಎಡಗೈ ಚಾಚಿದ.

ನಾನು ತಲೆ ತಗ್ಗಿಸಿದೆ.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಕಣ್ಣು ಮುಚ್ಚಿ, ತೆರೆದು, “ಲ್ಯಾಪ್‌ಟಾಪ್ ತೆಗೀರಿ. ಈಗ ಮಾಡಿ,” ಎಂದಷ್ಟೇ ಹೇಳಿದ.

ಫೈಲು ಆರಿಸಿದೆ. ಯುಎಸ್‌ಬಿ ಆರಿಸಿದೆ. ಕಾಪಿ ಅಲ್ಲ, ರೈಟ್. ಪರದೆಯ ಮೇಲೆ ನೀಲಿ ಪಟ್ಟಿ ತೆವಳತೊಡಗಿತು. ನೂರಕ್ಕೆ ಅರವತ್ತು ಆಗಿದ್ದಾಗ ಬಾಗಿಲು ಮತ್ತೆ ಹಾರಿ ಗೋಡೆಗೆ ಬಡಿಯಿತು.

ಒಬ್ಬನೇ ಬಂದಿದ್ದ. ಕೈಯಲ್ಲಿ ಕಬ್ಬಿಣದ ರಾಡು. ಸತ್ತವಳ ಅಣ್ಣ ಎಂದು ಆಮೇಲೆ ತಿಳಿಯಿತು. ಕರೆಂಟಿಗೆ ಚುಚ್ಚಿಟ್ಟಿದ್ದ ಹೊಸ ಸರ್ವರ್‌ನ ದೀಪ ನೋಡಿದವನೇ ರಾಡು ಎತ್ತಿದ. ಇಕ್ಕಳ ಅಡ್ಡ ಬಿದ್ದ. ಏಟು ಅವನ ಭುಜಕ್ಕೆ ಬಿತ್ತು. ಎರಡನೆಯದು ಬೆನ್ನಿಗೆ.

ಮೂರನೆಯದಕ್ಕೆ ನಾನು ಬಿಡಲಿಲ್ಲ. ಕೈಗೆ ಸಿಕ್ಕಿದ್ದು ಸರ್ವರ್ ಜಾರಿಸಿ ಕೂರಿಸುವ ಉಕ್ಕಿನ ಪಟ್ಟಿ. ಬೀಸಿದೆ. ಅವನ ಮುಂಗೈ ಒಣ ಕಡ್ಡಿಯಂತೆ ಸದ್ದು ಮಾಡಿತು, ರಾಡು ಬಿತ್ತು, ಅವನು ಮಂಡಿಯೂರಿದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಾನು ಅವನ ಮುಖಕ್ಕೆ ಹೊಡೆದೆ. ಮತ್ತೆ ಹೊಡೆದೆ. ಕೆನ್ನೆ ಸೀಳಿತು. ನೋಡಲು ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ನೆತ್ತಿಗೆಂದು ಪಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿದಾಗ ನಾನು ಯಾರೆಂಬುದೇ ನನಗೆ ಮರೆತಿತ್ತು.

ಆಗ ಹಿಂದಿನಿಂದ ಇಕ್ಕಳ ನನ್ನ ಹೆಸರು ಹಿಡಿದು ಕರೆದ. ಮೇಡಂ ಅಲ್ಲ, ಕಥೆಯೂ ಅಲ್ಲ, ಅಪ್ಪ ಅಮ್ಮ ಇಟ್ಟ ಹೆಸರು. ಮೂರು ತಿಂಗಳಲ್ಲಿ ಮೊದಲ ಸಲ, ಬಹಳ ಮೆಲ್ಲಗೆ.

ಪಟ್ಟಿಯನ್ನು ಇಳಿಸಿದೆ. ಕೈ ಅಂಟಂಟಾಗಿತ್ತು.

ನೆಲದ ಮೇಲಿದ್ದವನು ಮುರಿದ ಕೈಯನ್ನು ಎದೆಗವಚಿಕೊಂಡು, ತನ್ನ ತಂಗಿಗೆ ಇವರು ಏನು ಚುಚ್ಚಿದರೋ, ಎಲ್ಲ ಅಳಿಸಿಬಿಡುತ್ತಾರೆ ಎಂದು ಅದನ್ನೇ ಅದನ್ನೇ ಹೇಳುತ್ತಿದ್ದ. ನಾನು ಅವನ ಎದುರು ಕುಕ್ಕರುಗಾಲಲ್ಲಿ ಕೂತೆ.

“ನಿಮ್ಮ ತಂಗಿ ಹೆಸರೇನು?”

ಅವನು ಹೇಳಿದ. ಹೇಳುವಾಗ ಅವನ ಸೀಳಿದ ಮುಖ ಮಗುವಿನದಾಯಿತು.

“ಅವರಿಗೆ ಏನು ಕೊಟ್ರು, ಎಷ್ಟು ಹೊತ್ತಿಗೆ ಕೊಟ್ರು, ಯಾರು ಕೊಟ್ರು, ಎಲ್ಲಾ ಇದರಲ್ಲೇ ಇದೆ. ನೀವು ಒಡೆದ್ರೆ ಅಳಿಸೋರಿಗೆ ಕೆಲಸಾನೇ ಉಳಿಯಲ್ಲ ಅಣ್ಣ.”

ಅವನು ಸರ್ವರ್‌ನ ದೀಪದ ಕಡೆ ಒಮ್ಮೆ ನೋಡಿದ. ಆಮೇಲೆ ಎದ್ದು ಹೋಗಿ, ಹೊಸ್ತಿಲಲ್ಲಿ ನಮಗೆ ಬೆನ್ನು ಹಾಕಿ ಕೂತ. ಮೆಟ್ಟಿಲ ಕಡೆಯಿಂದ ನಾಲ್ವರು ಬಂದಾಗ, ಇಲ್ಲಿ ಏನೂ ಇಲ್ಲ, ನಡೀರಿ ಎಂದ. ಅವನ ಮುಖ ನೋಡಿ ಅವರು ಎರಡನೆಯ ಮಾತಾಡಲಿಲ್ಲ.

ನೀಲಿ ಪಟ್ಟಿ ತುಂಬಿತ್ತು. ಯುಎಸ್‌ಬಿ ಕಿತ್ತು ಸರ್ವರ್‌ಗೆ ಚುಚ್ಚಿದೆ, ಪವರ್ ಒತ್ತಿದೆ. ಫ್ಯಾನುಗಳು ಮೊರೆದವು. ಮೆಮೊರಿ ಎಣಿಸಿಕೊಳ್ಳಲು ಅದಕ್ಕೆ ಐದು ನಿಮಿಷ ಬೇಕು. ಗಂಟೆ ಮೂರೂ ನಲವತ್ತು. ಮಾಡಲು ಏನೂ ಇರಲಿಲ್ಲ, ಅವನ ಪಕ್ಕ ನೆಲದ ಮೇಲೆ ಕೂರುವುದನ್ನು ಬಿಟ್ಟು.

ಕೀ ಯಾಕೆ ಮಾಡಿರಲಿಲ್ಲ ಎಂದು ಅವನು ಕೇಳಲಿಲ್ಲ. ನಾನೇ ಹೇಳಿದೆ.

“ಮಾಡಿಬಿಟ್ರೆ ನೀವು ಕೇಳೋದು ನಿಂತುಹೋಗುತ್ತಲ್ಲ, ಅದಕ್ಕೆ.”

ಅವನು ನಕ್ಕ. ಪಕ್ಕೆ ನೋವಿಗೆ ನಗು ಅರ್ಧಕ್ಕೇ ಮುರಿಯಿತು.

“ನನ್ನ ಹತ್ರಾನೂ ಇಂಥದೇ ಒಂದು ಕೀ ಇದೆ. ಎಲ್ಲಿಗೆ ಹೋದ್ರೂ ಜೇಬಲ್ಲೇ ಇರುತ್ತೆ.” ಎಡಗೈಯಿಂದ ಖಾಲಿ ಜೇಬು ತಟ್ಟಿದ. “ಇಲ್ಲಿಗೆ ಬರೋವಾಗ ಮಾತ್ರ ಮನೇಲಿ ತೆಗೆದಿಟ್ಟು ಬರ್ತೀನಿ.”

ಅವನ ಕಣ್ಣಿನ ತುದಿಯ ಆ ಎರಡು ಗೆರೆಗಳೊಳಗೆ ರಕ್ತ ಇಳಿದಿತ್ತು. ತೋಳಿನಿಂದ ಒರೆಸಿದೆ. ಮೇಲೆ ಹನ್ನೊಂದು ಜನ ಸಾವಿನ ಬಾಯಲ್ಲಿದ್ದರು, ನಾವಿಬ್ಬರೂ ಸೇರಿ ಅವರನ್ನು ಅಲ್ಲಿಟ್ಟಿದ್ದೆವು, ಇಷ್ಟು ಸಣ್ಣ ಆಸೆಗೆ. ಅವನಿಗೂ ಅದು ಹೊಳೆದಿತ್ತು. ಅವನ ಎಡಗೈ ನನ್ನ ಅಂಟು ಕೈಯನ್ನು ಹುಡುಕಿ ಹಿಡಿದುಕೊಂಡಿತು.

ಪರದೆ ಬೆಳಗಿತು. ಕೀ ಮಾತಾಡಿತ್ತು. ಈ ಡಿಸ್ಕುಗಳು ಬೇರೆಡೆಯಿಂದ ಬಂದಂತಿವೆ, ಏನು ಮಾಡಲಿ ಎಂದು ಕೇಳುತ್ತಿತ್ತು. ಕೆಳಗೆ ಎರಡೇ ಸಾಲು. ಒಂದು ಇಂಪೋರ್ಟ್. ಇನ್ನೊಂದು ಕ್ಲಿಯರ್. ಮೊದಲನೆಯದು ಎಲ್ಲವನ್ನೂ ಒಳಗೆ ಕರೆದುಕೊಳ್ಳುತ್ತದೆ. ಎರಡನೆಯದು ಎಲ್ಲವನ್ನೂ ಒರೆಸಿಹಾಕುತ್ತದೆ.

ಕೀಬೋರ್ಡನ್ನು ಅವನ ಕಡೆಗೆ ಸರಿಸಿದೆ. ನೀವೇ ಒತ್ತಿ ಎಂದೆ.

“ಇಲ್ಲ. ಒತ್ತು ನೀನೇ. ನಾನು ಇಲ್ಲೇ ಇದ್ದೀನಿ.”

ಒತ್ತಿದೆ.

ನಾಲ್ಕಕ್ಕೆ ಎಂಟು ನಿಮಿಷ ಇರುವಾಗ ಫೋನಿನಲ್ಲಿ ಹಿರಿಯ ಸಿಸ್ಟರ್ ಹನ್ನೊಂದು ಹೆಸರುಗಳನ್ನು ಒಂದೊಂದಾಗಿ ಓದಿದರು. ಪ್ರತಿ ಹೆಸರಿನ ಮುಂದೆ ಅಳತೆಯನ್ನೂ ಓದಿದರು. ಹೊಸ್ತಿಲಲ್ಲಿದ್ದವನಿಗೆ ನಾನು ಹನ್ನೆರಡನೆಯ ಹೆಸರನ್ನು ತೆರೆದು ತೋರಿಸಿದೆ. ಅವನು ಮುರಿಯದ ಕೈಯಿಂದ ಪರದೆಯನ್ನು ಮುಟ್ಟಿದ.

ಹೊರಗೆ ಬೂಟುಗಳ ಸದ್ದು, ಸೀಟಿ, ಯಾರನ್ನೋ ಹೊಡೆಯುವ ಸದ್ದು. ಈ ಸಲ ಪೊಲೀಸರು. ಸ್ಟ್ರೆಚರ್ ಬಂತು.

ಇಕ್ಕಳನನ್ನು ಮಲಗಿಸಿ ಎತ್ತುವ ಮೊದಲು ಸರ್ವರ್‌ನಿಂದ ಯುಎಸ್‌ಬಿ ಕಿತ್ತೆ. ಇನ್ನೂ ಬಿಸಿಯಾಗಿತ್ತು. ಅವನ ಎಡ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಚಿದೆ.

“ಕೀ ಆಯ್ತು,” ಎಂದೆ.