ಕೆಟ್ಟಿದ್ದು ಲಿನಕ್ಸ್ ಅಲ್ಲ

"ರಿಪೇರಿ ಮಾಡೋರು ಎಲ್ಲಿ ಹೋಗಿದ್ದಾರೆ?"

ಅಂಗಡಿಯ ಕೌಂಟರಿನ ಆಚೆ ನಿಂತವನು ಹಾಗೆ ಕೇಳಿದಾಗ ಅವಳ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಮೇಜಿನ ಮೇಲೆ ಬಿಚ್ಚಿಟ್ಟ ಕಂಪ್ಯೂಟರ್ ಇತ್ತು. ಇಷ್ಟೆಲ್ಲ ಕಣ್ಣಿಗೆ ಕಂಡರೂ ಇವನಿಗೊಬ್ಬ ಗಂಡಸೇ ಬೇಕು!

"ಎಲ್ಲೂ ಹೋಗಿಲ್ಲ. ನಿಮ್ಮೆದುರಿಗೇ ಇದ್ದೀನಿ."

ಅವನು ಕಿವಿಯವರೆಗೂ ಕೆಂಪಾದ. ತಪ್ಪಾಯಿತು ಎಂದ, ನೆಪ ಹೇಳಲಿಲ್ಲ. ಅದೊಂದಕ್ಕೇ ಅವಳು ಅವನ ಮಾತು ಕೇಳಲು ಒಪ್ಪಿದಳು.

ಅವನು ವಾಚನಾಲಯದ ಗ್ರಂಥಪಾಲಕ. ಅಲ್ಲಿನ ಎಂಟು ಹಳೆಯ ಕಂಪ್ಯೂಟರುಗಳಿಗೆ ತಾನೇ ಕೂತು, ದುಡ್ಡಿಲ್ಲದೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿದ್ದ. ಪರೀಕ್ಷೆಗೆ ಓದುವವರು, ಕೆಲಸ ಹುಡುಕುವವರು ಎಲ್ಲರೂ ಅವುಗಳನ್ನೇ ನಂಬಿಕೊಂಡಿದ್ದರು. ಈಗ ಮೂರು ಕಂಪ್ಯೂಟರುಗಳು ನಡುನಡುವೆ ಗರಬಡಿದಂತೆ ನಿಂತುಬಿಡುತ್ತಿದ್ದವು. ಬಿಟ್ಟಿ ಸಿಕ್ಕಿದ್ದರ ಹಣೆಬರಹವೇ ಇಷ್ಟು, ಎಲ್ಲವನ್ನೂ ಗುಜರಿಗೆ ಹಾಕು ಎಂದು ವಾಚನಾಲಯ ಸಮಿತಿಯ ಅಧ್ಯಕ್ಷರು ಅಪ್ಪಣೆ ಕೊಟ್ಟಿದ್ದರಂತೆ.

ನೋಡದೆ, ಮುಟ್ಟದೆ ತೀರ್ಪು! ಅವಳಿಗೆ ಅಲ್ಲೇ ಸಿಟ್ಟು ಬಂತು.

ನಾಲ್ಕು ದಿನ ವಾಚನಾಲಯದಲ್ಲಿ ಕೂತು ಪರೀಕ್ಷಿಸಿದಳು. ಕೆಟ್ಟಿದ್ದು ಲಿನಕ್ಸ್ ಅಲ್ಲ, ಒಳಗಿನ ಮೆಮೊರಿ ಬಿಲ್ಲೆ, ಅಂದರೆ ರ‍್ಯಾಮ್. ಚೆನ್ನಾಗಿದ್ದ ಕಂಪ್ಯೂಟರಿನ ರ‍್ಯಾಮ್ ತೆಗೆದು ಕೆಟ್ಟದ್ದಕ್ಕೆ ಹಾಕಿದರೆ ಅದು ದಿನವಿಡೀ ಓಡಿತು. ಕೆಟ್ಟ ರ‍್ಯಾಮ್ ಹಾಕಿದರೆ ಚೆನ್ನಾಗಿದ್ದದ್ದೂ ನಿಂತುಹೋಯಿತು. ಆ ಮೂರಕ್ಕೂ ಹೋದ ವರ್ಷ ರ‍್ಯಾಮ್ ತಂದು ಹಾಕಿದ್ದು ಅಧ್ಯಕ್ಷರ ಭಾವಮೈದ.

ಅವಳು ಹೇಳಿದ ಒಂದೊಂದು ಮಾತನ್ನೂ ಅವನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ತನ್ನ ಮಾತನ್ನು ಇಷ್ಟು ಜೋಪಾನವಾಗಿ ಯಾರು ಎತ್ತಿಟ್ಟುಕೊಂಡಿದ್ದಾರೆ... ಎಂದುಕೊಂಡಾಗ ಅವಳ ಎದೆಯೊಳಗೇನೋ ಸಡಿಲವಾಯಿತು.

ಸಮಿತಿಯ ಸಭೆಯಲ್ಲಿ ಅವಳು ಇದನ್ನೆಲ್ಲ ಹೇಳಿದಾಗ ಅಧ್ಯಕ್ಷರು ನಕ್ಕುಬಿಟ್ಟರು. "ಅಂಗಡಿ ಹುಡುಗಿ ಹೇಳಿದ್ದನ್ನ ನಂಬ್ಕೊಂಡು ನಮ್ಮ ಮನೆಯವರನ್ನ ಅನುಮಾನಿಸೋದಾ?"

ಅವಳು ಗ್ರಂಥಪಾಲಕನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ.

ಎರಡು ದಿನ ಕಳೆದ ಮೇಲೆ, ಲಿನಕ್ಸ್ ಬಳಸುವವರು ಒಬ್ಬರಿಗೊಬ್ಬರು ನೆರವಾಗುವ ಆನ್‌ಲೈನ್ ವೇದಿಕೆಯಲ್ಲಿ ಅವಳ ಕಣ್ಣಿಗೊಂದು ಪ್ರಶ್ನೆ ಬಿತ್ತು. ಅವಳ ಪರೀಕ್ಷೆಯೇ, ಅಕ್ಷರ ಬಿಡದೆ. ಕೊನೆಯಲ್ಲಿ, 'ಈ ತೀರ್ಮಾನ ಸರಿಯೇ?' ಕೆಳಗೆ ಅವನ ಹೆಸರು.

ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ನೆಟ್ಟಗೆ ವಾಚನಾಲಯಕ್ಕೆ ನಡೆದಳು. ಓದುತ್ತಿದ್ದವರೆಲ್ಲ ತಲೆಯೆತ್ತಿದರು.

ತನಗೆ ಅನುಮಾನವಿರಲಿಲ್ಲ, ಬಲ್ಲವರು ಹತ್ತು ಜನ ಹೌದೆಂದರೆ ಅಧ್ಯಕ್ಷರ ಬಾಯಿ ಮುಚ್ಚಿಸಬಹುದೆಂದು ಕೇಳಿದ್ದು ಎಂದು ಅವನು ತಡವರಿಸಿದ.

"ಅನುಮಾನ ಇರ್ಲಿಲ್ಲ ಅಂದ್ರೆ ಅವತ್ತು ಬಾಯಿ ಯಾಕೆ ಬರ್ಲಿಲ್ಲ? ನನ್ನ ಮಾತು ಮಾತಾಗೋಕೆ ಮುಖ ಗೊತ್ತಿಲ್ಲದ ಹತ್ತು ಜನ ಸಾಕ್ಷಿ ಹೇಳ್ಬೇಕಿತ್ತಾ?"

"ಹೆದರಿದೆ," ಎಂದ ಅವನು.

ಅವಳು ತಿರುಗಿ ನೋಡದೆ ಹೊರಟುಬಂದಳು. ಮನೆಯಲ್ಲಿ ಅಕ್ಕ ಏನಾಯಿತೆಂದು ಕೇಳಿದರೆ ಏನಿಲ್ಲ ಎಂದಳು. ಅನ್ಯಾಯ ಮಾಡಿದ್ದು ಅಧ್ಯಕ್ಷರು, ನಿಜ. ಆದರೆ ನೋಯಿಸಿದ್ದು ಇವನು... ಅದೇ ಅವಳಿಗೆ ಸಹಿಸಲಾಗದ್ದು.

ಸೋಮವಾರ ಮಧ್ಯಾಹ್ನ ಅಕ್ಕ ವಾಚನಾಲಯದ ಕಡೆಯಿಂದ ಏದುಸಿರು ಬಿಡುತ್ತ ಅಂಗಡಿಗೆ ಬಂದಳು. ಗ್ರಂಥಪಾಲಕ ಸಮಿತಿಯವರನ್ನೆಲ್ಲ ಓದುವ ಕೋಣೆಗೇ ಕರೆಸಿದ್ದನಂತೆ. ತಾನೇ ರ‍್ಯಾಮ್ ಬದಲಿಸಿದನಂತೆ. ಎಲ್ಲರ ಕಣ್ಣೆದುರಿಗೇ ಚೆನ್ನಾಗಿದ್ದ ಕಂಪ್ಯೂಟರ್ ನಿಂತುಹೋಯಿತಂತೆ. ಆಮೇಲೆ ಅವನು ಅಧ್ಯಕ್ಷರಿಗೆ ಹೇಳಿದ ಮಾತನ್ನು ಅಕ್ಕ ಹಾಗೆಯೇ ಒಪ್ಪಿಸಿದಳು: "ಇದನ್ನ ಕಂಡುಹಿಡಿದೋರಿಗೆ ನೀವು ಅವಮಾನ ಮಾಡಿದ್ರಿ. ನಾನು ಸುಮ್ಮನೆ ಕೂತಿದ್ದೆ. ಎರಡೂ ತಪ್ಪೇ."

ಭಾವಮೈದ ಮೂರೂ ರ‍್ಯಾಮ್ ಬದಲಿಸಿಕೊಡಬೇಕೆಂದು ಸಮಿತಿ ಹೇಳಿತು. ಅಧ್ಯಕ್ಷರು ಧುಮುಗುಟ್ಟುತ್ತ ಎದ್ದುಹೋದರು.

ಸಂಜೆ ಅವನು ಬಂದು ಅಂಗಡಿಯ ಬಾಗಿಲಲ್ಲೇ ನಿಂತ.

"ನನ್ನ ಕೋಪ ಇನ್ನೂ ಇಳಿದಿಲ್ಲ," ಎಂದಳು.

"ಇಳಿಸೋಕೆ ಬಂದಿಲ್ಲ. ನಿಮ್ಮ ಕೋಪದಲ್ಲಿ ನ್ಯಾಯ ಇದೆ. ಅದಕ್ಕೇ ನೀವಂದ್ರೆ ನನಗೆ ಪ್ರಾಣ. ಅದನ್ನ ಹೇಳೋಕೆ ಬಂದೆ."

ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಮತ್ತೆ ತಲೆ ತಗ್ಗಿಸಿ ಕೂತ್ರೆ?"

"ಇಲ್ಲ. ಭಯ ಆದ್ರೂ ಎದ್ದು ನಿಂತ್ಕೋತೀನಿ."

ಅವಳು ಸ್ಟೂಲನ್ನು ಪಕ್ಕಕ್ಕೆ ಎಳೆದಳು.

"ದೂರ ಯಾಕೆ ನಿಂತಿದ್ದೀಯ? ಬಾ, ಕೂತ್ಕೋ."

ಅವನು ಬಂದು ಕೂತ. "ಇಷ್ಟು ಬೇಗ 'ನೀವು' ಹೋಯ್ತಾ?"

"ಹೋಯ್ತು," ಎಂದಳು ಕಣ್ಣೊರೆಸಿಕೊಳ್ಳುತ್ತ. "ಕೋಪ ಮಾತ್ರ ಇದೆ. ಅದು ಹೋಗೋವರೆಗೂ ಇಲ್ಲೇ ಕೂತಿರು."